ಹಾಡಿಲ್ಲದ ಭಕ್ತಿ: ಫಿಲ್ ಕೇಗಿ ಅವರ ‘ಬಿಯಾಂಡ್ ನೇಚರ್’

ಕ್ರೈಸ್ತ ರಾಕ್ ಸಂಗೀತದಲ್ಲಿ ಮೊದಲ ಮಣೆ ಸಾಹಿತ್ಯಕ್ಕೆ. ಹಾಡಿನಲ್ಲಿ ದೇವರ ಹೆಸರು ಬಂತೇ ಇಲ್ಲವೇ ಎಂಬುದರ ಮೇಲೆಯೇ ಅದರ ಯೋಗ್ಯತೆಯನ್ನು ಅಳೆಯುವ ಕೇಳುಗರು ಅಲ್ಲಿ ಕಡಿಮೆಯಿಲ್ಲ. 1973ರ ‘ವಾಟ್ ಎ ಡೇ’ ಆಲ್ಬಮಿನಿಂದ ಆ ವಲಯದಲ್ಲಿ ಹಾಡುತ್ತ ಬಂದ ಅಮೆರಿಕದ ಗಿಟಾರ್ ವಾದಕ ಫಿಲ್ ಕೇಗಿ, 1991ರಲ್ಲಿ ಗಾಯನವನ್ನು ಪೂರ್ತಿ ಬದಿಗಿಟ್ಟು ‘ಬಿಯಾಂಡ್ ನೇಚರ್’ ಎಂಬ ಅಕೌಸ್ಟಿಕ್, ಅಂದರೆ ಎಲೆಕ್ಟ್ರಿಕ್ ಅಲ್ಲದ ಗಿಟಾರಿನ, ವಾದ್ಯಸಂಗೀತದ ಆಲ್ಬಮನ್ನು ಹೊರತಂದರು. ಹಿಂದಿನ ವರ್ಷವಷ್ಟೇ ಬಂದಿದ್ದ ‘ಫೈಂಡ್ ಮಿ ಇನ್ ದೀಸ್ ಫೀಲ್ಡ್ಸ್’ ಎಂಬ ರಾಕ್ ಆಲ್ಬಮನ್ನು ಕೇಳಿದವರಿಗೆ ಇದು ಬೇರೊಬ್ಬರ ಕೈಯೇನೋ ಎನ್ನಿಸಿದರೆ ಆಶ್ಚರ್ಯವಿಲ್ಲ.

ಆ ಕೈಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಾಲ್ಕರ ವಯಸ್ಸಿನಲ್ಲಿ ನೀರಿನ ಪಂಪಿನ ಅವಘಡದಲ್ಲಿ ಕೇಗಿ ಅವರ ಬಲಗೈಯ ನಡುಬೆರಳಿನ ಅರ್ಧಭಾಗ ತುಂಡಾಯಿತು. ತಂತಿಗಳನ್ನು ಬೆರಳುಗಳಿಂದ ಬಿಡಿಬಿಡಿಯಾಗಿ ಮೀಟುವ ಈ ಶೈಲಿಗೆ ಅತಿ ಮುಖ್ಯವಾದ ಬೆರಳುಗಳಲ್ಲಿ ಅದೂ ಒಂದು. ಆಲ್ಬಮಿನಲ್ಲಿ ಎಲ್ಲಿಯೂ ಆ ಕೊರತೆಯ ಸುಳಿವು ಸಿಗುವುದಿಲ್ಲ. ಹೆಸರಾಂತ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಇವರನ್ನು ಜಗತ್ತಿನ ಶ್ರೇಷ್ಠ ಗಿಟಾರ್ ವಾದಕನೆಂದು ಹೊಗಳಿದ್ದರೆಂಬ ದಂತಕಥೆಯೊಂದು ಇಂದಿಗೂ ಓಡಾಡುತ್ತಿದೆ. ಸ್ವತಃ ಕೇಗಿಯೇ ಅದನ್ನು ಒಪ್ಪುವುದಿಲ್ಲ. ಇಂಥ ನುಡಿಸುವಿಕೆಗೆ ಅದರ ಅಗತ್ಯವೂ ಇಲ್ಲ.

ಆಲ್ಬಮಿಗೆ ಬೆನ್ನೆಲುಬಾಗಿರುವುದು ಲೇಖಕ ಸಿ. ಎಸ್. ಲೂಯಿಸ್ ಅವರ ನೆನಪು. ‘ಬ್ರದರ್ ಜ್ಯಾಕ್’ ಎಂಬ ರಚನೆಯ ಜ್ಯಾಕ್ ಅವರೇ, ಏಕೆಂದರೆ ಆಪ್ತರು ಲೂಯಿಸರನ್ನು ಕರೆಯುತ್ತಿದ್ದುದು ಹಾಗೆ. ‘ಕೌಂಟಿ ಡೌನ್’ ಅವರು ಬಾಲ್ಯದಿಂದ ಪ್ರೀತಿಸಿದ ಉತ್ತರ ಐರ್ಲೆಂಡಿನ ಸೀಮೆ. ‘ಅಡಿಸನ್ಸ್ ವಾಕ್’ ಎಂಬುದು ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿನ ಆವರಣದಲ್ಲಿರುವ ಮರಗಳ ಸಾಲಿನ ಕಾಲುದಾರಿ. 1931ರ ಸೆಪ್ಟೆಂಬರಿನ ಒಂದು ರಾತ್ರಿ ಗೆಳೆಯರಾದ ಲೇಖಕ ಟೋಲ್ಕಿನ್ ಮತ್ತು ಹ್ಯೂಗೊ ಡೈಸನ್ ಅವರೊಡನೆ ಅಲ್ಲಿ ನಡೆಯುತ್ತ ಪುರಾಣ ಮತ್ತು ಸತ್ಯದ ಬಗ್ಗೆ ನಡೆಸಿದ ಚರ್ಚೆ ಲೂಯಿಸರನ್ನು ಕ್ರೈಸ್ತ ನಂಬಿಕೆಯತ್ತ ತಿರುಗಿಸಿತು. ಅಷ್ಟು ದೊಡ್ಡ ಘಟನೆಯನ್ನು ಸಂಗೀತಕ್ಕೆ ತರುವಾಗ ಬೇರೆಯವರಾಗಿದ್ದರೆ ಅಬ್ಬರಕ್ಕೆ ಇಳಿಯುತ್ತಿದ್ದರೇನೋ. ಕೇಗಿ ಅದನ್ನು ನಡಿಗೆಯಾಗಿಯೇ ಉಳಿಸಿಕೊಂಡಿದ್ದಾರೆ, ಮತ್ತು ನನ್ನ ಮಟ್ಟಿಗೆ ಇಡೀ ಆಲ್ಬಮಿನಲ್ಲಿ ಮತ್ತೆ ಮತ್ತೆ ಕೇಳಬೇಕೆನ್ನಿಸುವ ರಚನೆ ಇದೇ.

‘ಐ ಫೀಲ್ ದ ವಿಂಡ್ಸ್ ಆಫ್ ಗಾಡ್ ಟುಡೇ’ ಹಳೆಯ ಸ್ತುತಿಗೀತೆಯೊಂದರ ವಾದನ. ವೀಣೆಯಲ್ಲಿ ಪರಿಚಿತ ಕೃತಿಯನ್ನು ನುಡಿಸಿದಾಗ ಸಾಹಿತ್ಯ ಬಲ್ಲವರ ಮನಸ್ಸಿನಲ್ಲಿ ಪದಗಳು ತಾವಾಗಿಯೇ ಮೂಡುವಂತೆ, ಚರ್ಚಿನಲ್ಲಿ ಈ ಗೀತೆಯನ್ನು ಹಾಡಿ ಬೆಳೆದವರಿಗೆ ಇಲ್ಲಿ ಗಿಟಾರಿನ ಜೊತೆಗೆ ಪದಗಳೂ ಕೇಳಿಸುತ್ತವೆ. ಉಳಿದವರಿಗೆ ಅದು ಐರಿಷ್ ಜಾನಪದದ ಗಾಳಿ ಬೀಸುವ ಒಂದು ಸೊಗಸಾದ ಧಾಟಿ. ಎರಡೂ ಬಗೆಯ ಕೇಳುಗರನ್ನು ಒಳಗೆ ಬಿಟ್ಟುಕೊಳ್ಳುವ ಈ ಔದಾರ್ಯವು, ಉಪದೇಶಕ್ಕೆ ಬೇಗ ಜಾರಿಬಿಡುವ ಈ ಪ್ರಕಾರದಲ್ಲಿ ಅಪರೂಪ.

ಕುಂದುಗಳೂ ಇವೆ. ಗಿಟಾರಿನ ಹಿಂದೆ ಬರುವ ಇತರ ವಾದ್ಯಗಳ ಹಿಮ್ಮೇಳ ಕೆಲವೆಡೆ ಬೇಕಾದುದಕ್ಕಿಂತ ಸಿಹಿಯಾಗಿದ್ದು, ಬಲಗೈಯ ಸೂಕ್ಷ್ಮ ಮೀಟುಗಳನ್ನು ಮುಚ್ಚುತ್ತದೆ. ಉತ್ತರಾರ್ಧದಲ್ಲಿ ಒಂದರ ಹಿಂದೊಂದು ನಿಧಾನಗತಿಯ ರಚನೆಗಳು ಬರುವುದರಿಂದ, ಬೇರೆ ಕೆಲಸ ಮಾಡುತ್ತ ಕೇಳುವವರಿಗೆ ‘ಆ್ಯಸ್ ವಾರ್ಮ್ ಆ್ಯಸ್ ಟಿಯರ್ಸ್’ ಯಾವಾಗ ಬಂದು ಹೋಯಿತೆಂಬುದೇ ತಿಳಿಯದೆ ಹೋಗಬಹುದು. ಹೆಡ್‌ಫೋನ್ ಹಾಕಿಕೊಂಡು, ಎರಡು ಭಾಗ ಮಾಡಿಕೊಂಡು ಕೇಳುವುದು ಮೇಲು. ಅಮೆರಿಕದಲ್ಲಿ ಕ್ರೈಸ್ತ ಸಂಗೀತಕ್ಕೆ ಕೊಡುವ ಡವ್ ಪ್ರಶಸ್ತಿಗಳಲ್ಲಿ ವರ್ಷದ ವಾದ್ಯಸಂಗೀತ ಆಲ್ಬಮಿಗೆ ಸಲ್ಲುವುದು ಇದಕ್ಕೆ ಸಂದಿತ್ತು, ಅದು ನ್ಯಾಯವೇ.

ಎಲೆಕ್ಟ್ರಿಕ್ ಗಿಟಾರಿನ ಕೇಗಿಯನ್ನು ಮೆಚ್ಚಿ ಬಂದವರು ಮೊದಲು ‘ಕೌಂಟಿ ಡೌನ್’ ಕೇಳಿ ನೋಡಲಿ. ಹಿಮ್ಮೇಳದ ಹಂಗಿಲ್ಲದ ಗಿಟಾರೇ ಬೇಕೆನ್ನುವವರಿಗೆ ಅವರ 1996ರ ‘ಅಕೌಸ್ಟಿಕ್ ಸ್ಕೆಚಸ್’ ಹೆಚ್ಚು ಒಪ್ಪುತ್ತದೆ.