ಶಿರಸಿಯ ನರ್ಸರಿಯೊಂದರ ಡೇರೆ ಗಡ್ಡೆಗಳು: ಗಿಡ ಚೆನ್ನ, ಚೀಟಿ ನಂಬುವಂತಿಲ್ಲ

ಮಳೆ ಹಿಡಿಯುವ ಮೊದಲು ಶಿರಸಿ ಪೇಟೆಯಂಚಿನ ನರ್ಸರಿಯೊಂದರಿಂದ ಮೂರು ಬಗೆಯ ಡೇರೆ (ಡೇಲಿಯಾ) ಗಡ್ಡೆಗಳನ್ನು ತಂದು ನೆಟ್ಟಿದ್ದೆವು. ಚೌತಿಯ ಹೊತ್ತಿಗೆ ಮೂರೂ ಹೂಬಿಟ್ಟವು. ಗಡ್ಡೆಗಳ ಗುಣಮಟ್ಟದ ಬಗ್ಗೆ ತಕರಾರಿಲ್ಲ. ಡೇರೆ ಚಿಗುರುವುದು ಗಡ್ಡೆಯ ಮೈಯಿಂದಲ್ಲ, ಹಳೆಯ ಕಾಂಡಕ್ಕೆ ಅಂಟಿಕೊಂಡಿರುವ ಕೊರಳಿನ ಕಣ್ಣಿನಿಂದ. ಕೊರಳು ಮುರಿದ ಗಡ್ಡೆ ಎಷ್ಟು ದಪ್ಪಗಿದ್ದರೂ ಮಣ್ಣಿನಲ್ಲಿ ಕೊಳೆಯುತ್ತದೆಯೇ ಹೊರತು ಮೊಳೆಯುವುದಿಲ್ಲ. ಇಲ್ಲಿ ಪ್ರತಿಯೊಂದನ್ನೂ ಕಾಂಡದ ತುಂಡಿನ ಸಮೇತ ಸೀಳಿ, ಕೊಯ್ದ ಜಾಗಕ್ಕೆ ಬೂದಿ ಸವರಿ ಕೊಡುತ್ತಾರೆ.

ತಕರಾರಿರುವುದು ಬಣ್ಣದ ಚೀಟಿಗಳದ್ದು. ಹಳದಿ ಡೇರೆ ಬರೆದಂತೆಯೇ ಅರಳಿತು. ‘ಕೆಂಪು ಎಸಳು, ಬಿಳಿ ತುದಿ’ ಎಂದಿದ್ದ ಗಿಡ ಮೊದಲು ಹಾಗೆಯೇ ಹೂಬಿಟ್ಟು, ಆಮೇಲೆ ಒಂದು ಟೊಂಗೆಯಲ್ಲಿ ಅಪ್ಪಟ ಕೆಂಪಾಯಿತು. ಕೇಳಿದರೆ ಗೊಬ್ಬರ ಹೆಚ್ಚಾಗಿದೆ ಎಂದರು. ಈ ಉತ್ತರವನ್ನು ಒಪ್ಪಲಾಗದು. ಡೇರೆಯ ಕೆಂಪು ಆಂಥೋಸಯಾನಿನ್ ವರ್ಗದ ಬಣ್ಣ. ಅದನ್ನು ಹಲವು ಕಿಣ್ವಗಳು ಸರದಿಯಂತೆ ಕಟ್ಟುತ್ತವೆ, ಸರದಿಯ ಆರಂಭದಲ್ಲಿರುವುದು ಚಾಲ್ಕೋನ್ ಸಿಂಥೇಸ್. ಬಿಳಿ ತುದಿಯ ಕೋಶಗಳಲ್ಲೂ ಈ ಕಿಣ್ವದ ಜೀನ್ ಇದ್ದೇ ಇರುತ್ತದೆ. ಆದರೆ ಆ ಜೀನ್ ಕಳಿಸಿದ ಸಂದೇಶವಾಹಕ ಆರ್‌ಎನ್‌ಎಯನ್ನು, ಅಂದರೆ ಕಿಣ್ವ ಕಟ್ಟುವ ಸೂಚನೆಯ ಪ್ರತಿಯನ್ನು, ಕೋಶವೇ ಪುಟ್ಟ ಆರ್‌ಎನ್‌ಎ ತುಣುಕುಗಳ ನೆರವಿನಿಂದ ಕತ್ತರಿಸಿಹಾಕುವುದರಿಂದ ಕಿಣ್ವ ತಯಾರಾಗುವುದಿಲ್ಲ. ಈ ತಡೆ ಸಡಿಲಾದ ಟೊಂಗೆಯಲ್ಲಿ ಕೆಂಪು ತುದಿಯವರೆಗೂ ಹರಡುತ್ತದೆ. ಪೆಟೂನಿಯಾದ ಬಣ್ಣ ಗಾಢವಾಗಲೆಂದು ಇದೇ ಜೀನ್‌ನ ಇನ್ನೊಂದು ಪ್ರತಿಯನ್ನು ಸೇರಿಸಿದ, 1990ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಿಳಿ ಹೂಗಳು ಬಂದದ್ದಕ್ಕೂ ಇಂಥದೇ ತಡೆ ಕಾರಣವಾಗಿತ್ತು. ಅಂದ ಮೇಲೆ ಗಿಡದ್ದಾಗಲಿ ನಮ್ಮ ಗೊಬ್ಬರದ್ದಾಗಲಿ ತಪ್ಪಿಲ್ಲ. ಬಣ್ಣ ತಿರುಗಬಹುದು ಎಂಬ ಒಂದು ಸಾಲು ಚೀಟಿಯಲ್ಲಿರಬೇಕಿತ್ತು.

ಮಣ್ಣಿನ ಮಾತು ಸಲ್ಲುವುದು ಹೈಡ್ರೇಂಜಿಯಾಕ್ಕೆ. ನಮ್ಮ ಹುಳಿ ಮಣ್ಣಿನಲ್ಲಿ ಕರಗುವ ಅಲ್ಯೂಮಿನಿಯಂ ಅದರ ಎಸಳು ಸೇರಿ ನೀಲಿ ತರುತ್ತದೆ, ಸುಣ್ಣ ಹಾಕಿದರೆ ಹೂ ಗುಲಾಬಿಯತ್ತ ವಾಲುತ್ತದೆ. ನರ್ಸರಿಯವರು ಇದನ್ನು ಗಿಡ ಕೊಡುವಾಗಲೇ ಸರಿಯಾಗಿ ಹೇಳುತ್ತಾರೆ ಎಂಬುದನ್ನೂ ದಾಖಲಿಸಬೇಕು.

ಮೂರನೆಯ ಚೀಟಿಯನ್ನು ಮಾತ್ರ ಕ್ಷಮಿಸಲಾಗದು. ‘ನೀಲಿ ಡೇರೆ’ ಎಂದು ಆಕಾಶ ಬಣ್ಣದ ಚಿತ್ರ ಅಂಟಿಸಿ, ಉಳಿದವುಗಳಿಗಿಂತ ಹೆಚ್ಚು ದರ ಹಾಕಿದ್ದರು, ಅರಳಿದ್ದು ನೇರಳೆ. ಅಂಥ ನೀಲಿಗೆ ಸಾಮಾನ್ಯವಾಗಿ ಡೆಲ್ಫಿನಿಡಿನ್ ಎಂಬ ಬಣ್ಣದ ವಸ್ತು ಬೇಕು, ಅದು ತಯಾರಾಗಲು ಫ್ಲೇವನಾಯ್ಡ್ 3′5′-ಹೈಡ್ರಾಕ್ಸಿಲೇಸ್ ಎಂಬ ಕಿಣ್ವ ಬೇಕು. ನಮ್ಮ ಬೇಲಿಯ ಶಂಖಪುಷ್ಪದಲ್ಲಿ ಅದು ಕೆಲಸ ಮಾಡುತ್ತದೆ. ಡೇರೆಯಲ್ಲಾಗಲಿ ಗುಲಾಬಿಯಲ್ಲಾಗಲಿ ಸಹಜವಾಗಿ ಇಲ್ಲ. ಪ್ಯಾನ್ಸಿಯ ಜೀನ್ ಸೇರಿಸಿ 2009ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ತಂದ ‘ನೀಲಿ’ ಗುಲಾಬಿಯೂ ಕಣ್ಣಿಗೆ ತಿಳಿನೇರಳೆಯೇ.

ಹಳದಿ, ಕೆಂಪು ಗಡ್ಡೆಗಳನ್ನು ಇಲ್ಲಿ ಕಣ್ಣುಮುಚ್ಚಿ ಕೊಳ್ಳಬಹುದು. ಎರಡು ಬಣ್ಣದ್ದು ಬೇಕಾದವರು ಹೂವಿನ ಕಾಲದಲ್ಲಿ ಹೋಗಿ, ತಾಯಿಗಿಡವನ್ನು ನೋಡಿ ಗುರುತು ಹಾಕಿಸಿ ಬರುವುದು ಒಳ್ಳೆಯದು. ನೀಲಿಯ ಚೀಟಿಗೆ ಹೆಚ್ಚಿನ ಹಣ ಕೊಡಬೇಡಿ.