ಬ್ಲೋವರ್ ರೆಸಿಸ್ಟರ್: ಕಂಪನಿಯದೋ, ಜೆ.ಸಿ. ರಸ್ತೆಯದೋ, ಗುಜರಿಯದೋ?

ಕಾರಿನ ಎ.ಸಿ. ಗಾಳಿ ಬೀಸುವ ಫ್ಯಾನಿನ, ಅಂದರೆ ಬ್ಲೋವರಿನ, ಗುಂಡಿಯನ್ನು ಒಂದು, ಎರಡು, ಮೂರಕ್ಕೆ ತಿರುಗಿಸಿದರೆ ಗಾಳಿಯೇ ಇಲ್ಲ. ನಾಲ್ಕಕ್ಕೆ ತಂದ ಕೂಡಲೇ ಭರ್ರೆಂದು ಬೀಸುತ್ತದೆ. ಹಳೆಯ ಸಣ್ಣ ಕಾರು ಇಟ್ಟುಕೊಂಡ ಬಹಳ ಜನರಿಗೆ ಈ ಕಾಯಿಲೆ ಗೊತ್ತು. ಕೆಳಗಿನ ವೇಗಗಳಲ್ಲಿ ವಿದ್ಯುತ್ತನ್ನು ತಡೆದು ಫ್ಯಾನನ್ನು ನಿಧಾನಗೊಳಿಸುವ ಭಾಗವೇ ರೆಸಿಸ್ಟರ್. ನಾಲ್ಕನೇ ವೇಗದಲ್ಲಿ ವಿದ್ಯುತ್ತು ಅದರ ಮೂಲಕ ಹೋಗದೆ ನೇರವಾಗಿ ಮೋಟಾರಿಗೆ ಹರಿಯುತ್ತದೆ. ಹಾಗಾಗಿ ಅದೊಂದು ವೇಗ ಉಳಿದಿದೆ ಎಂದರೆ ಮೋಟಾರು, ಫ್ಯೂಸ್ ಎರಡೂ ಬದುಕಿವೆ, ಸತ್ತಿರುವುದು ಬಹುತೇಕ ರೆಸಿಸ್ಟರ್. ಇದಕ್ಕೆ ನಾಲ್ಕು ಮದ್ದುಗಳಿವೆ: ಕಂಪನಿಯ ಹೊಸ ಭಾಗ, ಹೊರಗಿನ ತಯಾರಿಕೆಯ ಅಗ್ಗದ ಭಾಗ, ಗುಜರಿಯಿಂದ ತಂದದ್ದು, ಇಲ್ಲವೇ ಸುಟ್ಟದ್ದಕ್ಕೇ ಬೆಸುಗೆ. ನಮ್ಮ ಕಾರಿನಲ್ಲೂ ಅಣ್ಣನ ಕಾರಿನಲ್ಲೂ ಸೇರಿ ನಾಲ್ಕನ್ನೂ ಬಳಸಿ ನೋಡಿದ್ದೇನೆ. ನಾನು ಹೇಳುವುದೆಲ್ಲ ಗುಂಡಿ ತಿರುಗಿಸುವ ಸಾದಾ ಎ.ಸಿ.ಗೆ ಮಾತ್ರ. ತಾಪಮಾನವನ್ನು ತಾನೇ ಹೊಂದಿಸಿಕೊಳ್ಳುವ ಕಾರುಗಳಲ್ಲಿ ಸಾಮಾನ್ಯವಾಗಿ ಟ್ರಾನ್ಸಿಸ್ಟರ್ ಮಾಡ್ಯೂಲ್ ಇರುತ್ತದೆ, ಅದರ ಲೆಕ್ಕವೇ ಬೇರೆ.

ಅಂಗಡಿಗೆ ಹೋಗುವ ಮುನ್ನ ಹಳೆಯದು ಯಾಕೆ ಸುಟ್ಟಿತು ಎಂದು ಕಂಡುಕೊಳ್ಳಬೇಕು. ಇಲ್ಲದಿದ್ದರೆ ಎಷ್ಟು ದುಬಾರಿಯದನ್ನು ಹಾಕಿದರೂ ಅದು ಅದೇ ದಾರಿ ಹಿಡಿಯುತ್ತದೆ. ರೆಸಿಸ್ಟರ್ ಎಂದರೆ ತಂತಿಯ ಸುರುಳಿಗಳ ಸಾಲು. ಮೊದಲ ವೇಗದಲ್ಲಿ ಎಲ್ಲ ಸುರುಳಿಗಳೂ ಸೇರಿ ವಿದ್ಯುತ್ತನ್ನು ತಡೆಯುತ್ತವೆ, ವೇಗ ಏರಿದಂತೆ ಒಂದೊಂದೇ ಸುರುಳಿ ದಾರಿಯಿಂದ ಸರಿಯುತ್ತದೆ. 1 ಓಮ್ ಸುರುಳಿಯಲ್ಲಿ 5 ಆಂಪಿಯರ್ ಹರಿದರೆ 25 ವ್ಯಾಟ್ ಶಾಖ ಹುಟ್ಟುತ್ತದೆ. ಬೆಸುಗೆ ಹಾಕುವ ಸಣ್ಣ ಸೋಲ್ಡರಿಂಗ್ ಐರನ್ ಕೂಡ ಅಷ್ಟೇ ವ್ಯಾಟಿನದು. ಈ ಬಿಸಿಯನ್ನು ಹೊತ್ತೊಯ್ಯಲೆಂದೇ ರೆಸಿಸ್ಟರನ್ನು ಬ್ಲೋವರಿನ ಗಾಳಿ ಹಾಯುವ ಜಾಗದಲ್ಲಿ ಕೂರಿಸಿರುತ್ತಾರೆ.

ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರಿನಲ್ಲಿ ಧೂಳು ಕಟ್ಟಿಕೊಂಡರೆ ಮೋಟಾರು ಹೆಚ್ಚು ಕರೆಂಟ್ ಎಳೆದು ರೆಸಿಸ್ಟರ್ ಸುಡುತ್ತದೆ ಎಂದು ಗ್ಯಾರೇಜುಗಳಲ್ಲಿ ಹೇಳುವುದುಂಟು. ರಟ್ಟಿನಿಂದ ಗಾಳಿಯ ದಾರಿ ಮುಚ್ಚಿ, ಡಿ.ಸಿ. ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದೆ, ಆಂಪಿಯರ್ ಇಳಿಯಿತು. ತಳ್ಳಲು ಗಾಳಿಯೇ ಸಿಗದಿದ್ದರೆ ಇಂಥ ಫ್ಯಾನಿಗೆ ಕೆಲಸ ಕಡಿಮೆ. ಆದರೂ ರೆಸಿಸ್ಟರ್ ಸುಡುತ್ತದೆ, ಅದನ್ನು ತಣಿಸುವ ಗಾಳಿ ನಿಂತಿರುತ್ತದಲ್ಲ! ಕರೆಂಟ್ ನಿಜವಾಗಿ ಏರುವುದು ಮೋಟಾರಿನ ಅಚ್ಚು ತಿರುಗುವ ಬಳೆ, ಅಂದರೆ ಬುಷ್, ಬಿಗಿದುಕೊಂಡಾಗ. ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ, ಫ್ಯಾನನ್ನು ಬೆರಳಿನಿಂದ ತಿರುಗಿಸಿ ನೋಡಿ. ಈ ಎರಡು ಪರೀಕ್ಷೆಗಳಿಗೆ ಕಾಸೂ ಖರ್ಚಿಲ್ಲ.

ಕಂಪನಿಯ ಭಾಗದ ಬಗ್ಗೆ ಹೇಳುವುದು ಹೆಚ್ಚಿಲ್ಲ. ದುಬಾರಿ, ಕೆಲವೊಮ್ಮೆ ತರಿಸಿಕೊಳ್ಳಲು ಕಾಯಬೇಕು. ಆದರೆ ಜಾಗದಲ್ಲಿ ಸರಿಯಾಗಿ ಕೂರುತ್ತದೆ, ಕನೆಕ್ಟರ್ ಟಕ್ಕೆಂದು ಬಿಗಿಯಾಗುತ್ತದೆ, ನಾಲ್ಕು ವೇಗಗಳೂ ಮೊದಲಿನಂತೆಯೇ ಇರುತ್ತವೆ.

ಬೆಂಗಳೂರಿನಲ್ಲಿ ವಾಹನ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಅದರ ಮೂರನೇ ಒಂದು ಪಾಲು ಬೆಲೆಗೆ ಸಿಕ್ಕಿದ್ದನ್ನು ಕೈಯಲ್ಲಿ ಹಿಡಿದಾಗ ಮೊದಲ ನೋಟಕ್ಕೆ ವ್ಯತ್ಯಾಸ ಕಾಣಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಕಂಡಿತು. ಕಂಪನಿಯದರಲ್ಲಿ ಸುರುಳಿಗಳ ನಡುವೆ ಥರ್ಮಲ್ ಫ್ಯೂಸ್ ಇದೆ; ಬಿಸಿ ಮಿತಿ ಮೀರಿದರೆ ಕರಗಿ ವಿದ್ಯುತ್ತನ್ನು ಕಡಿಯುವುದು ಅದರ ಕೆಲಸ. ನಾನು ತಂದದ್ದರಲ್ಲಿ ಆ ಜಾಗದಲ್ಲಿ ಬರೀ ತಂತಿ. ಪಕ್ಕದ ಅಂಗಡಿಯಲ್ಲಿ ಸ್ವಲ್ಪ ಹೆಚ್ಚು ಬೆಲೆಗೆ ಫ್ಯೂಸ್ ಇರುವುದೇ ದೊರೆಯಿತು. ಅದು ಇಂದಿಗೂ ಅಣ್ಣನ ಕಾರಿನಲ್ಲಿ ಓಡುತ್ತಿದೆ. ಒಂದೇ ಕೊರತೆ, ಒಂದನೇ ವೇಗಕ್ಕೂ ಎರಡನೇ ವೇಗಕ್ಕೂ ಹೆಚ್ಚು ಅಂತರವಿಲ್ಲ. ಕೊಳ್ಳುವಾಗ ಮಲ್ಟಿಮೀಟರ್ ಒಯ್ದರೆ ಇದನ್ನು ಅಲ್ಲಿಯೇ ಪತ್ತೆ ಮಾಡಬಹುದು: ಹಳೆಯದರಲ್ಲಿ ಉಳಿದಿರುವ ಸುರುಳಿಗಳ ಓಮ್ ಅಳೆದು ಹೊಸದರ ಜೊತೆ ಹೋಲಿಸಿ. ಅಳತೆ ತೀರಾ ಸಣ್ಣದಾದ್ದರಿಂದ ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ, ಬರುವ ಅಂಕಿಯನ್ನು ಕಳೆಯಬೇಕು.

ಶಿವಾಜಿನಗರದ ಗುಜರಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಎರಡು ಹೋಳಾಗಿದೆ. ರೆಸಿಸ್ಟರನ್ನು ಅಲ್ಲಿ ಕೊಳ್ಳಬೇಡಿ. ಎಷ್ಟು ವರ್ಷ ಬೆಂದ ಸುರುಳಿ ಎಂದು ನೋಡಿ ಹೇಳಲಾಗದು. ನಾನು ತಂದದ್ದು ಕಂಪನಿಯದೇ ಆಗಿದ್ದರೂ ಒಂದು ಬೇಸಿಗೆ ದಾಟಲಿಲ್ಲ. ಆದರೆ ರೆಸಿಸ್ಟರಿಗೆ ಚುಚ್ಚುವ ಕನೆಕ್ಟರ್ ಕರಗಿದ್ದರೆ ಗುಜರಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಕರಗಿದ ಕನೆಕ್ಟರಿನ ಬಿಳಿ ಪ್ಲಾಸ್ಟಿಕ್ ಒಂದು ಪಿನ್ನಿನ ಸುತ್ತ ಕಂದು ಬಣ್ಣಕ್ಕೆ ತಿರುಗಿ ಗುಳಿ ಬಿದ್ದಿರುತ್ತದೆ, ಒಳಗಿನ ಹಿತ್ತಾಳೆ ಕಪ್ಪಾಗಿ ಹಿಡಿತ ಸಡಿಲವಾಗಿರುತ್ತದೆ. ಅದನ್ನು ಹಾಗೆಯೇ ಬಿಟ್ಟು ಹೊಸ ರೆಸಿಸ್ಟರ್ ಚುಚ್ಚಿದರೆ ಸಡಿಲವಾದ ಆ ಪಿನ್ನೇ ಮತ್ತೆ ಕಾಯುತ್ತದೆ. ಗುಜರಿಯಲ್ಲಿ ಒಂದು ಗೇಣು ತಂತಿಯ ಸಮೇತ ಕತ್ತರಿಸಿ ಕೊಡುತ್ತಾರೆ, ಬಣ್ಣಕ್ಕೆ ಬಣ್ಣ ಸೇರಿಸಿ ಜೋಡಿಸಿದರಾಯಿತು.

ಬೆಸುಗೆ ತೀರಾ ಅಗ್ಗ, ಕೈಕೆಲಸ ಬಲ್ಲವರಿಗೆ ಇಷ್ಟವಾಗುವ ದಾರಿಯೂ ಹೌದು. ಸುರುಳಿಗಳು ಗಟ್ಟಿಯಾಗಿದ್ದು ಥರ್ಮಲ್ ಫ್ಯೂಸ್ ಮಾತ್ರ ಹೋಗಿದ್ದರೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅಷ್ಟೇ ಡಿಗ್ರಿಯ, ಅಷ್ಟೇ ಆಂಪಿಯರಿನ ಫ್ಯೂಸ್ ತಂದು ಹಾಕಬಹುದು. ಬಿಸಿಗೆ ಕರಗಲೆಂದೇ ಮಾಡಿದ ವಸ್ತುವಿಗೆ ಬಿಸಿ ಮುಟ್ಟಿಸುವುದೇ ಇಲ್ಲಿನ ತೊಡಕು. ಫ್ಯೂಸಿಗೂ ಬೆಸುಗೆಗೂ ನಡುವೆ ಫ್ಯೂಸಿನ ತಂತಿಕಾಲನ್ನು ಇಕ್ಕಳದಿಂದ ಕಚ್ಚಿ ಹಿಡಿದರೆ ಶಾಖ ಇಕ್ಕಳಕ್ಕೆ ಹೋಗುತ್ತದೆ. ನಾನು ಹಾಗೆ ಮಾಡಿದ್ದು ಚೆನ್ನಾಗಿ ಬಾಳಿದೆ. ಇನ್ನು ಕೆಲವು ಮೆಕ್ಯಾನಿಕ್‌ಗಳು ಫ್ಯೂಸ್ ಜಾಗಕ್ಕೆ ತಂತಿ ಬೆಸೆದು ಐದು ನಿಮಿಷದಲ್ಲಿ ಕಳಿಸಿಕೊಡುತ್ತಾರೆ. ಅದಕ್ಕೆ ದಯವಿಟ್ಟು ಒಪ್ಪಬೇಡಿ. ಮೋಟಾರು ಬಿಗಿದು ನಿಂತರೆ ಕಾಲಡಿಯ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಸುರುಳಿ ಕೆಂಪಗೆ ಕಾಯುತ್ತದೆ, ಅದನ್ನು ತಡೆಯುವವರು ಯಾರೂ ಇರುವುದಿಲ್ಲ.

ನಮ್ಮ ಕಾರಿಗೆ ಕೊನೆಗೆ ಕಂಪನಿಯದನ್ನೇ ಹಾಕಿದೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿಯುವಾಗ ಮುಂದಿನ ಗಾಜಿಗೆ ಮಂಜು ಹಿಡಿಯುತ್ತದೆ. ಆಗ ಎ.ಸಿ. ಹಾಕಿ ಒಂದನೇ, ಎರಡನೇ ವೇಗದಲ್ಲಿ ಸಣ್ಣಗೆ ಗಾಳಿ ಬಿಡುತ್ತಾ ಹೋಗುವುದೇ ಹಿತ. ಅಲ್ಲಿ ಬ್ಲೋವರ್ ಕೈಕೊಟ್ಟರೆ ಎದುರಿನ ಲಾರಿಯೇ ಕಾಣುವುದಿಲ್ಲ. ಊರೊಳಗಷ್ಟೇ ಓಡುವ ಕಾರಿಗೆ ಫ್ಯೂಸ್ ಇರುವ ಅಗ್ಗದ ಭಾಗ ಸಾಕು.

ನಾಲ್ಕನೇ ವೇಗವೂ ಇಲ್ಲದಿದ್ದರೆ ಮೊದಲು ಫ್ಯೂಸ್ ನೋಡಿ, ಆಮೇಲೆ ಗ್ಲೋವ್ ಬಾಕ್ಸಿನ ಕೆಳಗಿನ ಮೋಟಾರನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ತಟ್ಟಿದಾಗ ತಿರುಗತೊಡಗಿದರೆ ಹೆಚ್ಚಾಗಿ ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆ ಎಂದರ್ಥ. ಬುಷ್ ಸಡಿಲವಾಗದೆ, ಕಿರುಗುಟ್ಟದೆ ಇದ್ದರೆ ಮೋಟಾರ್ ರಿಪೇರಿ ಅಂಗಡಿಯಲ್ಲಿ ಬ್ರಷ್ ಮಾತ್ರ ಹಾಕಿಸಿ. ಬುಷ್ಷೂ ಹೋಗಿದ್ದರೆ ಮೋಟಾರನ್ನೇ ಹೊಸದು ತನ್ನಿ.