ಹಾಡುವಾಗ ನಿಮ್ಮ ದನಿ ಯಾವ ದಾರಿಯಲ್ಲಿ ಕಿವಿಗೆ ಬರಬೇಕು?

ಬಸವನಗುಡಿಯ ನಮ್ಮ ಮನೆಯಲ್ಲಿ ಹಾಡು ರೆಕಾರ್ಡ್ ಮಾಡುವಾಗ ಹೆಡ್‌ಫೋನ್‌ನಲ್ಲಿ ನನ್ನ ದನಿ ಕೇಳಿಸಿಕೊಳ್ಳಲು ಎರಡು ದಾರಿಗಳನ್ನು ಬಳಸಿ ನೋಡಿದ್ದೇನೆ: ಒಂದು ಸಾಫ್ಟ್‌ವೇರ್ ಮೂಲಕ, ಇನ್ನೊಂದು ಆಡಿಯೋ ಇಂಟರ್‌ಫೇಸ್‌ನಿಂದ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ನೇರವಾಗಿ. ಸಾಫ್ಟ್‌ವೇರ್ ಮೂಲಕ ಕೇಳಿಸಿಕೊಂಡರೆ ದನಿ ಕಂಪ್ಯೂಟರನ್ನು ಹೊಕ್ಕು ಹೊರಬರಬೇಕು. 44,100 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಸ್ಯಾಂಪಲ್‌ಗಳಾಗಿ (ದನಿಯ ಅಳತೆಗಳಾಗಿ) ದನಿ ದಾಖಲಾಗುವಾಗ, ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ತುಣುಕು) 1024 ಸ್ಯಾಂಪಲ್ ಇದ್ದರೆ ಒಳಬರುವಾಗಲೇ ಸುಮಾರು 23 ಮಿಲಿಸೆಕೆಂಡ್ ತಡ, ಹೊರಬರುವಾಗ ಮತ್ತಷ್ಟು. ಸರಳೆ ವರಸೆಯನ್ನು ಮೂರನೇ ಕಾಲದಲ್ಲಿ ಹಾಡಿ ನೋಡಿ, ನಾಲಿಗೆ ತೊಡರುತ್ತದೆ, ತಾಳ ಜಾರುತ್ತದೆ. ಬಫರನ್ನು 128ಕ್ಕೆ ಇಳಿಸಿದರೆ ತಡ ಕರಗುತ್ತದೆ, ಆದರೆ ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಚಟಪಟ ಸದ್ದು ಶುರುವಾಯಿತು.

ಆಡಿಯೋ ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ ಗುಂಡಿ ದನಿಯನ್ನು ನೇರವಾಗಿ ಹೆಡ್‌ಫೋನ್‌ಗೆ ಕಳಿಸುತ್ತದೆ. ಸಾಫ್ಟ್‌ವೇರ್‌ನ ರಿವರ್ಬ್ (ದನಿಗೆ ಸೇರಿಸುವ ಅನುರಣನ) ಇಲ್ಲದೆ ದನಿ ಬರಿದಾಗಿ ಕೇಳುತ್ತದೆ, ನಿಜ. ಆದರೂ ಹಾಡುವವರಿಗೆ ಇದೇ ಸರಿ. ಗಿಟಾರಿಗೆ ಸಾಫ್ಟ್‌ವೇರ್ ಆಂಪ್ಲಿಫೈಯರ್ ಬೇಕೆನ್ನುವವರಿಗೆ ಮೊದಲನೆಯದು. ಎರಡನ್ನೂ ಒಟ್ಟಿಗೆ ಹಾಕಬೇಡಿ, ದನಿ ಜೋಡಿಯಾಗುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಇಂಟರ್‌ಫೇಸ್ ಕೊಳ್ಳುವ ಮುನ್ನ ಆ ಗುಂಡಿ ಇದೆಯೇ ನೋಡಿ.